ಮಗುವಿನ ಹೊಟ್ಟೆ ಮುಂದೆ ಬಂದಿದೆ, ಹರಳೆಣ್ಣೆ ಕುಡಿಸಲಾ?

ಮಗನಿಗೆ ಒಂದು ವರ್ಷ ಎಂಟು ತಿಂಗಳು, ಹೊಟ್ಟೆ ಗುಡಾಣದ ಹಾಗೆ ಮುಂದೆ ಬಂದಿದೆ, ಕೈಕಾಲು ಸಣ್ಣ ಕಾಣುತ್ತವೆ ಎಂದು ಬರೆದಿದ್ದೀರಿ. ಅತ್ತೆ ಜಂತುಹುಳ ಅಂತಾರೆ, ಪಕ್ಕದ ಮನೆಯವರು ಲಿವರ್ ಅಂತಾರೆ. ತೂಕ 10.4 ಕೆಜಿ. ಕಕ್ಕ ಎರಡು ಮೂರು ದಿನಕ್ಕೊಮ್ಮೆ, ಅದೂ ಮುಕ್ಕಿ ಮುಕ್ಕಿ. ಹಾಲು ಬೇಕಾದಷ್ಟು ಕುಡಿಯುತ್ತಾನೆ, ಊಟ ಅಷ್ಟಕ್ಕಷ್ಟೆ. ಹರಳೆಣ್ಣೆ ಕುಡಿಸಲಾ ಎನ್ನುವುದು ನಿಮ್ಮ ಪ್ರಶ್ನೆ.

ಬೇಡ, ಕುಡಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ, ಡಾಕ್ಟರ್ ಅಲ್ಲ. ಆದರೆ ತಿಂಗಳು ತಿಂಗಳು ಇದೇ ವಯಸ್ಸಿನ ಮಕ್ಕಳ ತೂಕ ಹಾಕುತ್ತೇನೆ. ತೂಕದ ದಿನ ತಾಯಂದಿರು ಹೆಚ್ಚಾಗಿ ಕೇಳುವುದು ಈ ಹೊಟ್ಟೆಯ ಬಗ್ಗೆಯೇ.

ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ಕೂಡಲೇ, ಹಾಲು ಕೊಡುವ ಮುಂಚೆ, ಮಗನನ್ನು ಅಂಗಾತ ಮಲಗಿಸಿ. ಅವನು ನಗುತ್ತಾ ಆಡುತ್ತಿರುವಾಗ ಹೊಟ್ಟೆಯ ಮೇಲೆ ಅಂಗೈ ಇಡಿ. ನಿಂತಾಗ ಕಂಡ ಹೊಟ್ಟೆ ಮಲಗಿದಾಗ ಇಳಿದು, ಕೈಗೆ ಮೆತ್ತಗೆ ಸಿಕ್ಕಿ, ಮುಟ್ಟಿದರೆ ಅವನು ಅಳದಿದ್ದರೆ, ಅದು ಬಹುತೇಕ ಆ ವಯಸ್ಸಿನ ಹೊಟ್ಟೆ. ಈ ವಯಸ್ಸಿನಲ್ಲಿ ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಬಿಗಿ ಬಂದಿರುವುದಿಲ್ಲ. ಈಗಷ್ಟೇ ನಡೆಯಲು ಕಲಿತ ಮಗು ಸೊಂಟವನ್ನು ಒಳಗೆ ಬಾಗಿಸಿ, ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತದೆ. ಮೈಗೆ ಹೋಲಿಸಿದರೆ ಲಿವರ್ ದೊಡ್ಡದು. ಕೆಳಗೆ ಸೊಂಟದ ಗೂಡು ಚಿಕ್ಕದು, ಹಾಗಾಗಿ ಮೂತ್ರಕೋಶವೂ ಹೊಟ್ಟೆಯ ಭಾಗಕ್ಕೇ ಏರಿ ಕೂತಿರುತ್ತದೆ. ಇಷ್ಟೆಲ್ಲ ಸೇರಿದರೆ ಹೊಟ್ಟೆ ಮುಂದೆ ಬರದೆ ಇನ್ನೇನು? ನಾಲ್ಕೈದು ವರ್ಷ ಆಗುವ ಹೊತ್ತಿಗೆ ತಾನಾಗಿ ಇಳಿಯುತ್ತದೆ.

ಇನ್ನು ತೂಕ. 20 ತಿಂಗಳ ಗಂಡುಮಗುವಿಗೆ ನಮ್ಮ ಚಾರ್ಟಿನಲ್ಲಿ ನಡುವಿನ ಗೆರೆ 11 ಕೆಜಿ ಚಿಲ್ಲರೆ. 9 ಕೆಜಿ ಹತ್ತಿರಕ್ಕೆ ಇಳಿದರೆ ನಾವು ಎಚ್ಚರ ಆಗುತ್ತೇವೆ. ನಿಮ್ಮ ಮಗ ಸುರಕ್ಷಿತ ಜಾಗದಲ್ಲೇ ಇದ್ದಾನೆ. ಆದರೆ ಒಂದು ದಿನದ ತೂಕ ನೋಡಿ ಸುಮ್ನೆ ಕೂರಬೇಡಿ, ತಾಯಿ ಕಾರ್ಡ್ ತೆಗೆದು ಹಿಂದಿನ ತಿಂಗಳುಗಳನ್ನೂ ನೋಡಿ. ಎರಡನೇ ವರ್ಷದಲ್ಲಿ ಮಗು ಸುಮಾರು 2.5 ಕೆಜಿ ಏರುತ್ತದೆ, ಮೊದಲ ವರ್ಷದ ವೇಗ ಇರುವುದಿಲ್ಲ. ಮೈ ಉದ್ದ ಆಗುವಾಗ ಕೈಕಾಲು ಸಣ್ಣ ಕಾಣುವುದೂ ಸಹಜ. ಅನುಮಾನ ಇದ್ದರೆ ಹತ್ತಿರದ ಅಂಗನವಾಡಿಯಲ್ಲಿ ತೋಳಿನ ಟೇಪು ಹಾಕಿಸಿ, ದುಡ್ಡೇನೂ ಇಲ್ಲ. 12.5 ಸೆಂಟಿಮೀಟರಿಗಿಂತ ಮೇಲೆ ಹಸಿರು, 11.5ಕ್ಕಿಂತ ಕೆಳಗೆ ಕೆಂಪು. ಕೆಂಪು ಬಂದರೆ ಅದು ತೀವ್ರ ಅಪೌಷ್ಟಿಕತೆ, ಮನೆಯಲ್ಲಿ ಇಟ್ಟುಕೊಂಡು ನೋಡುವಂಥದ್ದಲ್ಲ.

ನನಗೆ ನಿಮ್ಮ ಬರಹದಲ್ಲಿ ಹೆಚ್ಚು ಕಾಡಿದ್ದು ಹೊಟ್ಟೆಯ ಗಾತ್ರ ಅಲ್ಲ, ಆ ಕಕ್ಕ ಮತ್ತು ಹಾಲಿನ ಮಾತು. ನಮ್ಮ ಕಡೆ ಹಾಲಿಗೆ ಬರ ಇಲ್ಲ. ಮನೆಯಲ್ಲಿ ಹಸು ಇರುತ್ತದೆ, ಇಲ್ಲದಿದ್ದರೆ ಡೇರಿ ಇದೆ. ಊಟ ಬೇಡ ಅಂದ ಮಗುವಿಗೆ ಅಯ್ಯೋ ಹಸಿದುಕೊಂಡಿದೆ ಅಂತ ಇನ್ನೊಂದು ಬಾಟಲಿ ಕೊಡುತ್ತೇವೆ. ಹೊಟ್ಟೆ ಹಾಲಲ್ಲೇ ತುಂಬುತ್ತದೆ, ಊಟ ಇನ್ನೂ ಕಡಿಮೆ ಆಗುತ್ತದೆ. ಹಾಲಿನಲ್ಲಿ ನಾರು ಇಲ್ಲ, ಕಬ್ಬಿಣದ ಅಂಶವೂ ತೀರಾ ಕಡಿಮೆ. ಕಕ್ಕ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಬರುವಾಗ ನೋಯುತ್ತದೆ. ಒಮ್ಮೆ ನೊಂದ ಮಗು ಮುಂದಿನ ಸಲ ಬಂದರೂ ತಡೆದುಕೊಳ್ಳುತ್ತದೆ. ಕಾಲು ಬಿಗಿ ಮಾಡಿ, ಮೂಲೆಗೆ ಹೋಗಿ, ಮುಖ ಕೆಂಪು ಮಾಡಿಕೊಂಡು ನಿಲ್ಲುತ್ತದಲ್ಲ, ಎಷ್ಟೋ ಸಲ ಅದು ಮುಕ್ಕುವುದಲ್ಲ, ತಡೆದುಕೊಳ್ಳುವುದು. ಒಳಗೆ ನಿಂತದ್ದು ಇನ್ನಷ್ಟು ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ, ಹೊಟ್ಟೆ ಉಬ್ಬುತ್ತದೆ, ಹಸಿವೂ ಸಾಯುತ್ತದೆ. ಎರಡು ದಿನಕ್ಕೊಮ್ಮೆ ಹೋದರೂ ಮೆತ್ತಗೆ ಹೋಗುತ್ತಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ.

ಹಾಗಾಗಿ ಹಾಲನ್ನು ದಿನಕ್ಕೆ 400ರಿಂದ 500 ಎಂಎಲ್‌ಗೆ ಇಳಿಸಿ. ಬಾಟಲಿ ಬಿಡಿಸಿ ಲೋಟದಲ್ಲಿ ಕೊಡಿ, ಊಟ ಆದ ಮೇಲೆ ಕೊಡಿ. ಮೊದಲ ಕೆಲವು ದಿನ ಅಳುತ್ತಾನೆ, ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಬಿಸ್ಕತ್ತು, ಬನ್ನು ಮನೆಗೆ ತರಲೇಬೇಡಿ. ನಮ್ಮ ಊಟದಲ್ಲೇ ಬೇಕಾದ್ದು ಇದೆ. ರಾಗಿ ಮುದ್ದೆಯನ್ನು ಬಸ್ಸಾರಿನಲ್ಲಿ ಮೆತ್ತಗೆ ಕಲಸಿ, ಬಸಿದ ಸೊಪ್ಪು ಕಾಳನ್ನು ಕಿವುಚಿ, ಮೇಲೆ ಸ್ವಲ್ಪ ತುಪ್ಪ ಹಾಕಿ ಕೊಡಿ. ಪರಂಗಿ ಹಣ್ಣು, ಬೀಜ ತೆಗೆದ ಸೀಬೆ ಹಣ್ಣು, ನೆನೆಸಿ ಕಿವುಚಿದ ಒಣದ್ರಾಕ್ಷಿ ಕೊಡಿ. ನಡುನಡುವೆ ನೀರು ಕುಡಿಸಿ. ಊಟ ಆದ ಮೇಲೆ ಕರುಳು ತಾನಾಗಿ ಕೆಲಸ ಶುರು ಮಾಡುತ್ತದೆ, ಆ ಹೊತ್ತಿಗೆ ಐದು ನಿಮಿಷ ಕೂರಿಸಿ. ಬೈಯಬೇಡಿ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಇಡುವುದು, ಸಾಬೂನು ಚೂರು ಇಡುವುದು ಬೇಡ, ಗಾಯ ಆಗುತ್ತದೆ, ಭಯ ಜಾಸ್ತಿ ಆಗುತ್ತದೆ. ಆಗಲೇ ಗಟ್ಟಿಯಾಗಿ ನಿಂತಿದ್ದರೆ ಊಟ ಒಂದರಿಂದಲೇ ಸರಿ ಹೋಗದು. ಡಾಕ್ಟರ್ ಲ್ಯಾಕ್ಟುಲೋಸ್ ತರಹದ ಸಿರಪ್ಪು ಬರೆಯುತ್ತಾರೆ. ಅವರು ಹೇಳಿದಷ್ಟು ದಿನ ಕೊಡಿ, ಎರಡು ದಿನ ಚೆನ್ನಾಗಿ ಹೋಯಿತು ಅಂತ ನಿಲ್ಲಿಸಬೇಡಿ.

ಹರಳೆಣ್ಣೆ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ನೋವು, ನೀರು ನೀರಾಗಿ ಹೋಗುವುದು, ಸುಸ್ತು. ಅದಕ್ಕಿಂತ ದೊಡ್ಡ ಅಪಾಯ ಕುಡಿಸುವ ರೀತಿಯಲ್ಲಿದೆ. ಮೂಗು ಹಿಡಿದು, ಅಳುವ ಮಗುವಿನ ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೊಟ್ಟೆಗೆ ಬರೆ ಹಾಕಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮಗುವನ್ನು ಅವರ ಹತ್ತಿರ ಬಿಡಬೇಡಿ. ಆ ಗಾಯದಿಂದ ಗುಣ ಆಗುವ ಕಾಯಿಲೆ ಯಾವುದೂ ಇಲ್ಲ, ಸೋಂಕು ಮಾತ್ರ ಖಂಡಿತ ಆಗಬಹುದು.

ಜಂತುಹುಳದ ಬಗ್ಗೆ ನಿಮ್ಮ ಅತ್ತೆ ಹೇಳಿದ್ದು ಪೂರ್ತಿ ತಪ್ಪಲ್ಲ. ಹುಳ ತುಂಬಾ ಇದ್ದರೆ ಹೊಟ್ಟೆ ಉಬ್ಬುತ್ತದೆ, ರಕ್ತ ಕಡಿಮೆ ಆಗುತ್ತದೆ. ಅದಕ್ಕೆ ಮದ್ದು ಸುಲಭ. 2015ರಲ್ಲಿ ಶುರುವಾದ ಜಂತುಹುಳ ನಿವಾರಣಾ ದಿನ ಇದೆ, ಸಾಮಾನ್ಯವಾಗಿ ಫೆಬ್ರವರಿ 10, ಆಗಸ್ಟ್ 10ರ ಹೊತ್ತಿಗೆ. ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಕೊಡುತ್ತೇವೆ. ಒಂದರಿಂದ ಎರಡು ವರ್ಷದವರಿಗೆ 400 ಎಂಜಿ ಮಾತ್ರೆಯಲ್ಲಿ ಅರ್ಧ, ಪುಡಿ ಮಾಡಿ ನೀರಿನಲ್ಲಿ ಕಲಸಿ. ಹುಷಾರಿಲ್ಲದ ದಿನ ಕೊಡುವುದಿಲ್ಲ. ಹಿಂದಿನ ಸಲ ತಪ್ಪಿದ್ದರೆ ಡಾಕ್ಟರನ್ನು ಕೇಳಿ ಕೊಡಿಸಿ.

ಲಿವರ್ ಎಂಬ ಭಯ ಹಿರಿಯರಿಗೆ ಸುಮ್ನೆ ಬಂದದ್ದಲ್ಲ. ಹಿಂದೆ ಹೊಟ್ಟೆ ಗಟ್ಟಿಯಾಗಿ ಊದಿ ಚಿಕ್ಕ ಮಕ್ಕಳು ತೀರಿಕೊಳ್ಳುತ್ತಿದ್ದ ಒಂದು ಲಿವರ್ ಕಾಯಿಲೆ ನಮ್ಮ ದೇಶದಲ್ಲಿ ಇತ್ತು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲಿಗೂ ಅದಕ್ಕೂ ಸಂಬಂಧ ಇದೆ ಎಂದು ಡಾಕ್ಟರುಗಳು ಕಂಡುಕೊಂಡರು. ಸ್ಟೀಲ್ ಪಾತ್ರೆ ಬಂದ ಮೇಲೆ ಅದು ಈಗ ಬಹಳ ಅಪರೂಪ. ತಾಮ್ರದ ಪಾತ್ರೆ ಒಳ್ಳೆಯದು ಅಂತ ಈಗ ಮತ್ತೆ ಶುರುವಾಗಿದೆ, ಮಗುವಿನ ಹಾಲಿಗೆ ಮಾತ್ರ ಅದು ಬೇಡ.

ಯಾವಾಗ ತಡ ಮಾಡಬಾರದು ಎನ್ನುವುದನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ. ಮಲಗಿಸಿದರೂ ಹೊಟ್ಟೆ ಬಿಗಿಯಾಗಿದ್ದು, ಮುಟ್ಟಿದರೆ ಚೀರಿದರೆ, ಹಸಿರು ವಾಂತಿ ಆದರೆ, ಕಕ್ಕದಲ್ಲಿ ರಕ್ತ ಲೋಳೆ ಬಂದರೆ, ಬಿಟ್ಟು ಬಿಟ್ಟು ಕಾಲು ಮಡಚಿ ಅತ್ತು ನಡುವೆ ಸುಸ್ತಾಗಿ ಬಿದ್ದರೆ, ರಾತ್ರಿಯಾದರೂ ಸರಿ, ಆವತ್ತೇ ಆಸ್ಪತ್ರೆಗೆ ಹೋಗಿ. ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಪಕ್ಕದಲ್ಲಿ ಗಡ್ಡೆ ಕೈಗೆ ಸಿಕ್ಕರೆ ಪದೇ ಪದೇ ಒತ್ತಿ ನೋಡಬೇಡಿ, ಮರುದಿನವೇ ತೋರಿಸಿ. ಕಣ್ಣು ಹಳದಿ, ಬೆಳಿಗ್ಗೆ ರೆಪ್ಪೆ ಊತ, ಪಾದದಲ್ಲಿ ಊತ, ಮೈ ಬಿಳಿಚುವುದು, ತೂಕ ನಿಲ್ಲುವುದು ಅಥವಾ ಇಳಿಯುವುದು, ಇವಕ್ಕೂ ಪರೀಕ್ಷೆ ಬೇಕು. ಹುಟ್ಟಿದಾಗಿನಿಂದಲೇ ಮಲಬದ್ಧತೆ ಇದ್ದರೆ, ಮೊದಲ ಕಪ್ಪು ಮಲ ಎರಡು ದಿನ ಕಳೆದು ಬಂದಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಕರುಳಿನ ತೊಂದರೆ ಇರಬಹುದು.

ಇವು ಯಾವುವೂ ಇಲ್ಲದಿದ್ದರೂ ಈ ವಾರ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಯಾಕೆಂದರೆ ಮಲಬದ್ಧತೆ ಇದೆ, ಊಟ ಇಲ್ಲ. ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮೈಸೂರು ಹತ್ತಿರ ಆದರೆ ಚೆಲುವಾಂಬ ಆಸ್ಪತ್ರೆ ಇದೆ. ತಾಯಿ ಕಾರ್ಡ್ ಒಯ್ಯಿರಿ. ದಿನಕ್ಕೆ ಎಷ್ಟು ಹಾಲು, ಎಷ್ಟು ದಿನಕ್ಕೊಮ್ಮೆ ಕಕ್ಕ, ಗಟ್ಟಿಯೋ ಮೆತ್ತಗೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಾಲು ಜಾಸ್ತಿ ಕುಡಿಯುವ ಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ, ಹಿಮೋಗ್ಲೋಬಿನ್ ಪರೀಕ್ಷೆ ಬೇಕಾ ಎಂದು ನೀವೇ ಕೇಳಿ.