ಹಿಂದಿನ ಆಕ್ಸಲ್‌ನ ಬುಷ್: ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಹಿಂಭಾಗದಲ್ಲಿ ರಸ್ತೆಯುಬ್ಬು ದಾಟುವಾಗಲೆಲ್ಲ ‘ಟಕ್’ ಎಂಬ ಸದ್ದು ಬರುತ್ತದೆ. ಹುಬ್ಬಳ್ಳಿಗೆ ಹೋಗುವಾಗ ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಹಿಂಬದಿ ತುಸು ತಡವಾಗಿ ತಿರುಗಿದಂತೆ ಭಾಸವಾಗುತ್ತದೆ. ಶಾಕ್ ಅಬ್ಸಾರ್ಬರ್ ಬದಲಿಸಿದರೂ ಗುಣವಾಗಲಿಲ್ಲ. ಈಗ ಆಕ್ಸಲ್ ಬುಷ್ (ಲೋಹದ ಎರಡು ಕೊಳವೆಗಳ ನಡುವೆ ರಬ್ಬರ್ ಇರುವ ಜೋಡಣೆ) ಸವೆದಿದೆ ಎನ್ನುತ್ತಿದ್ದಾರೆ. ನಾನು ಕಾರ್ಖಾನೆಯಲ್ಲಿ ಫಿಟ್ಟರ್. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಈ ಕೆಲಸ ನಾನೇ ಮಾಡಿಕೊಳ್ಳಬಹುದೇ?
— ಓದುಗರೊಬ್ಬರು, ಚಿಂಚವಡ, ಪುಣೆ

ಉತ್ತರ: ಮಾಡಿಕೊಳ್ಳಬಹುದು. ಆದರೆ ನೆಲ ಮಟ್ಟಸವಾದ ಕಾಂಕ್ರೀಟಿನದಾಗಿರಬೇಕು, ಜ್ಯಾಕ್‌ನ ಜೊತೆಗೆ ಎರಡು ಗಟ್ಟಿ ಸ್ಟ್ಯಾಂಡುಗಳೂ ನಿಮ್ಮಲ್ಲಿರಬೇಕು.

ನೀವು ಹೇಳಿದ ಲಕ್ಷಣಗಳಲ್ಲಿ ಸದ್ದಿಗಿಂತ ತಿರುವಿನ ಅನುಭವವೇ ಬುಷ್‌ನತ್ತ ಹೆಚ್ಚು ಬೊಟ್ಟು ಮಾಡುತ್ತದೆ. ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಚಕ್ರಗಳನ್ನು ಹೊತ್ತಿರುವ ಟಾರ್ಷನ್ ಬೀಮ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡತೊಲೆ) ತನ್ನ ಮುಂಭಾಗದ ಎರಡು ತುದಿಗಳಲ್ಲಿ ಬುಷ್‌ಗಳ ಮೂಲಕ ಕಾರಿನ ಒಡಲಿಗೆ ಸೇರಿರುತ್ತದೆ. ಆ ಬುಷ್‌ಗಳ ರಬ್ಬರ್ ಹರಿದರೆ ಇಡೀ ಆಕ್ಸಲ್ ಕೊಂಚ ಓರೆಯಾಗಲು ಎಡೆಯಾಗಿ, ಹಿಂದಿನ ಚಕ್ರಗಳು ತಾವಾಗಿಯೇ ದಿಕ್ಕು ತಪ್ಪುತ್ತವೆ. ಆದರೂ ಬಿಡಿಭಾಗ ಕೊಳ್ಳುವ ಮೊದಲು, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬುಷ್‌ನ ಬಳಿ ಉದ್ದನೆಯ ಮೀಟುಗೋಲಿನಿಂದ ಮೀಟಿ, ರಬ್ಬರ್ ಲೋಹದಿಂದ ಬಿಟ್ಟುಕೊಂಡಿದೆಯೇ ಎಂದು ಕಣ್ಣಾರೆ ನೋಡಿರಿ. ಸೈಲೆನ್ಸರ್ ತೂಗುವ ರಬ್ಬರುಗಳು ಸಡಿಲವಾದರೂ ಇಂಥದೇ ಸದ್ದು ಬರುವುದುಂಟು.

ಹಿಂಬದಿಯನ್ನು ಎತ್ತಿದಾಗ ಹ್ಯಾಂಡ್‌ಬ್ರೇಕ್ ಕಾರನ್ನು ಹಿಡಿದು ನಿಲ್ಲಿಸಲಾರದು, ಏಕೆಂದರೆ ಸಾಮಾನ್ಯವಾಗಿ ಅದು ಹಿಡಿಯುವುದು ನೆಲ ಬಿಟ್ಟಿರುವ ಹಿಂದಿನ ಚಕ್ರಗಳನ್ನೇ. ಆದ್ದರಿಂದ ಮುಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಕೊಟ್ಟು, ಕಾರನ್ನು ಗೇರಿನಲ್ಲಿರಿಸಿ, ಸ್ಟ್ಯಾಂಡುಗಳನ್ನು ಆಕ್ಸಲ್‌ನ ಅಡಿಗಲ್ಲ, ಒಡಲಿನ ಆಧಾರಬಿಂದುಗಳ ಅಡಿಗೇ ಇಡಬೇಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಲೇಬೇಡಿ.

ಪುಣೆಯ ಮಳೆಗಾಲಗಳನ್ನು ಕಂಡ ಬೋಲ್ಟು ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುವ ಸಂಭವ ಹೆಚ್ಚು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಡಿ. ಗ್ಯಾಸ್ ಟಾರ್ಚ್‌ನಿಂದ ಸುಡುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ, ಆದರೆ ಪೆಟ್ರೋಲ್ ಟ್ಯಾಂಕ್ ಅಲ್ಲೇ ಹತ್ತಿರವಿರುವಾಗ ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆಕ್ಸಲ್‌ಗೆ ಇನ್ನೊಂದು ಜ್ಯಾಕ್‌ನ ಆಸರೆ ಕೊಟ್ಟು, ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಮತ್ತು ಎಬಿಎಸ್ ತಂತಿಗಳನ್ನು ಅವುಗಳ ಕ್ಲಿಪ್‌ಗಳಿಂದ ಬಿಡಿಸಿ, ಯಾವುದೂ ಜಗ್ಗದಂತೆ ಒಂದೊಂದೇ ಬದಿಯನ್ನು ಇಳಿಸಿರಿ.

ಹಳೆಯ ಬುಷ್ ಎಳೆಯಲು ಉದ್ದನೆಯ ಥ್ರೆಡ್ ರಾಡ್, ನಟ್‌ಗಳು, ದಪ್ಪ ವಾಷರ್ ಮತ್ತು ತಕ್ಕ ಅಳತೆಯ ಕೊಳವೆಗಳು ಸಾಕು; ಭೋಸರಿಯ ಲೇತ್ ಅಂಗಡಿಯಲ್ಲಿ ಆ ಕೊಳವೆಗಳನ್ನು ಕಡೆಸಿಕೊಳ್ಳುವುದು ನಿಮ್ಮಂಥವರಿಗೆ ಕಷ್ಟವಲ್ಲ. ತೆಗೆಯುವ ಮುನ್ನ ಬುಷ್ ಯಾವ ದಿಕ್ಕಿಗೆ ಕೂತಿದೆಯೆಂದು ಆಕ್ಸಲ್ ಮೇಲೆ ಗೀಚಿಟ್ಟುಕೊಳ್ಳಿ, ಏಕೆಂದರೆ ರಬ್ಬರಿನೊಳಗಿನ ಖಾಲಿ ಜಾಗಗಳು ನಿರ್ದಿಷ್ಟ ದಿಕ್ಕಿಗೇ ಇರಬೇಕು. ಹೊಸದನ್ನು ಕೂರಿಸುವಾಗ ಗ್ರೀಸ್ ಬೇಡ, ಅದು ರಬ್ಬರನ್ನು ಕೆಡಿಸುತ್ತದೆ. ಸೋಪಿನ ನೀರು ಸಾಕು. ಒಂದೇ ಕಡೆ ಸವೆದಿದ್ದರೂ ಎರಡನ್ನೂ ಬದಲಿಸಿ.

ಮನೆಯಲ್ಲಿ ಮಾಡಿದ ಕೆಲಸ ಹೆಚ್ಚಾಗಿ ಕೆಡುವುದು ಕೊನೆಯ ಬಿಗಿತದಲ್ಲಿ. ಬುಷ್‌ನ ರಬ್ಬರ್ ಒಳಗಿನ ಮತ್ತು ಹೊರಗಿನ ಲೋಹಕ್ಕೆ ಅಂಟಿರುವುದರಿಂದ, ಆಕ್ಸಲ್ ಮೇಲೆ ಕೆಳಗೆ ಆಡುವಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು, ಹೊಸ ಬುಷ್ ಬಹುಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟುಗಳನ್ನು ಮೊದಲು ಹದವಾಗಿ ಕೂರಿಸಿ, ಕಾರನ್ನು ಇಳಿಸಿ, ಹಿಂದಿನ ಚಕ್ರಗಳನ್ನು ಗಟ್ಟಿ ರ‍್ಯಾಂಪ್ ಮೇಲೆ ನಿಧಾನವಾಗಿ ಹತ್ತಿಸಿ, ಪೂರ್ಣ ಭಾರ ಚಕ್ರಗಳ ಮೇಲೆ ಕೂತ ನಂತರವೇ ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಬೋಲ್ಟುಗಳನ್ನು ಮರುಬಳಸಬಾರದೆಂದು ಪುಸ್ತಕ ಹೇಳಿದ್ದರೆ ಹೊಸದನ್ನೇ ಹಾಕಿರಿ.

ಪಾಲಿಯುರೆಥೇನ್ ಬುಷ್ ಹೆಚ್ಚು ಬಾಳಿಕೆ ಬರುತ್ತದೆಂದು ಅಂಗಡಿಯವರು ಹೇಳಬಹುದು. ಅದು ಗಡುಸಾದ್ದರಿಂದ ಅದುರುವಿಕೆಯನ್ನು ಹೆಚ್ಚಾಗಿ ಒಳಗೆ ಬಿಡುತ್ತದೆ, ಸಂಸಾರದ ಕಾರಿಗೆ ಮೂಲ ರಬ್ಬರೇ ಸೂಕ್ತ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಹಿಂದಿನ ಚಕ್ರಗಳ ಕೋನವನ್ನೂ ಅಳೆಸಿರಿ. ಈ ಬಗೆಯ ಆಕ್ಸಲ್‌ನಲ್ಲಿ ಅದನ್ನು ಸರಿಹೊಂದಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲವಾದರೂ, ಆಕ್ಸಲ್ ನೇರವಾಗಿ ಕೂತಿದೆಯೇ ಎಂಬುದು ಆ ಅಳತೆಯಿಂದಲೇ ತಿಳಿಯುತ್ತದೆ.