ಸ್ಕಾಟ್ಲೆಂಡ್ ಅಜ್ಜಿ, ಕೆನಡಾ ಸೈನಿಕ ಅಜ್ಜ: ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಗಂಡನ ಅಜ್ಜಿ ಅಬರ್ಡೀನ್‌ನವರು, 1943ರಲ್ಲಿ ಅಲ್ಲೇ ಕೆನಡಾದ ಸೈನಿಕನನ್ನು ಮದುವೆಯಾದರು, ಅಜ್ಜನ ಕಡೆಯವರ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಅಂದಿರಿ, ಅಲ್ವಾ? ಮೊದಲು ಮದುವೆ ದಾಖಲೆ ತೆಗೆಸಿ. ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ 75 ವರ್ಷ ದಾಟಿದ ಮದುವೆಗಳ ಮೂಲ ಪುಟವೇ ನೋಡಲು ಸಿಗುತ್ತದೆ, ಸ್ವಲ್ಪ ದುಡ್ಡು ಕಟ್ಟಬೇಕು ಅಷ್ಟೆ. ಅದರಲ್ಲಿ ವಧೂವರರ ಇಬ್ಬರ ಅಪ್ಪಂದಿರ ಹೆಸರು, ಕಸುಬು, ಜೊತೆಗೆ ಅಮ್ಮಂದಿರ ತವರು ಮನೆತನದ ಹೆಸರೂ ಇರುತ್ತದೆ. ಆಗಿನ ಇಂಗ್ಲೆಂಡಿನ ಮದುವೆ ಪತ್ರದಲ್ಲಿ ಅಮ್ಮನ ಸುದ್ದಿಯೇ ಇರುತ್ತಿರಲಿಲ್ಲ, ನಿಮ್ಮ ಅದೃಷ್ಟ! ಅಜ್ಜನ ಕೆನಡಾ ಬೇರು ಸಿಗೋದು ಇಲ್ಲೇ.

ಆಮೇಲೆ ಸೇನಾ ಕಡತ. ಅದು ಒಟ್ಟಾವಾದ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ ಎಂಬ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿದೆ. ಯುದ್ಧ ಮುಗಿಸಿ ಬಂದು, ತೀರಿಕೊಂಡು 20 ವರ್ಷ ಆಗಿದ್ದರೆ ಯಾರು ಬೇಕಾದರೂ ಕೇಳಬಹುದು, ಸಾವಿನ ಪುರಾವೆ ಕೊಡಬೇಕು. ಸೈನಿಕರು ಮದುವೆಗೆ ಮೇಲಧಿಕಾರಿಯ ಅನುಮತಿ ಪಡೆಯಬೇಕಿತ್ತು, ಆ ಕಾಗದವೂ ಕಡತದಲ್ಲಿ ಸಿಗಬಹುದು.

ಅಜ್ಜಿ ಕೆನಡಾಕ್ಕೆ ಹೋದ ಹಡಗಿನ ವಿಷಯಕ್ಕೆ ಅಲ್ಲಿನ ಬಂದರು ಹ್ಯಾಲಿಫ್ಯಾಕ್ಸ್‌ನ ಪಿಯರ್ 21 ಎಂಬ ವಲಸೆ ಮ್ಯೂಸಿಯಂಗೆ ಬರೆಯಿರಿ. ಕೆನಡಾ ಸೈನಿಕರನ್ನು ಮದುವೆಯಾದ ಇಂಥ ವಧುಗಳಲ್ಲಿ ಜಾಸ್ತಿ ಜನ 1946ರಲ್ಲಿ ಅಲ್ಲೇ ಇಳಿದದ್ದು. ಸುಮ್ನೆ ಹೆಸರು ಹೇಳಿದರೆ ಸಾಲದು, ಮದುವೆಯ ನಂತರದ ಹೆಸರೂ ಕೊಡಿ.