ಕಟ್ಟಡ ಯೋಜನೆಗೆ ಸೆಕ್ಯುರಿಟಿ ಕನ್ಸಲ್ಟೆಂಟ್ ಬೇಕೇ? ಆಯ್ಕೆ ಮಾಡುವುದು ಹೇಗೆ?

ಕಚೇರಿ ಕಟ್ಟಡದ ಪ್ಲಾನ್ ಇನ್ನೂ ತಯಾರಾಗುತ್ತಿದೆ, ಕ್ಯಾಮೆರಾ ಮಾರುವ ಕಂಪನಿಯೇ ಭದ್ರತಾ ವಿನ್ಯಾಸವನ್ನು ಉಚಿತವಾಗಿ ಮಾಡಿಕೊಡುತ್ತದಂತೆ, ಬೇರೆ ಕನ್ಸಲ್ಟೆಂಟ್ ಬೇಕೇ ಎಂದು ಕೇಳಿದ್ದೀರಿ. ಬೇಕು. ಅದೂ ಪ್ಲಾನ್ ಅಂತಿಮವಾಗುವ ಮೊದಲೇ. ಉಚಿತ ವಿನ್ಯಾಸದ ಖರ್ಚು ಉಪಕರಣಗಳ ಬಿಲ್ಲಿನಲ್ಲಿ ಸೇರಿಕೊಂಡು ಬರುತ್ತದೆ. ‘ಇಲ್ಲಿ ಕ್ಯಾಮೆರಾ ಬೇಡ, ಗೋಡೆ ಸರಿಸಿದರೆ ಸಾಕು’ ಎಂದು ಮಾರುವವರು ಯಾಕೆ ಹೇಳುತ್ತಾರೆ?

ವಾಹನ ಎಲ್ಲಿಂದ ಒಳಬರುತ್ತದೆ, ಸರಕು ಎಲ್ಲಿ ಇಳಿಯುತ್ತದೆ, ಲಿಫ್ಟ್ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದರಲ್ಲೇ ಅರ್ಧ ಭದ್ರತೆ ತೀರ್ಮಾನವಾಗಿರುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಲಿಫ್ಟ್ ನೇರ ಕಚೇರಿ ಮಹಡಿಗೆ ಹೋಗುವಂತಿದ್ದರೆ, ರಿಸೆಪ್ಷನ್‌ನಲ್ಲಿ ಎಷ್ಟು ದುಬಾರಿ ಗೇಟ್ ಹಾಕಿದರೂ ಅದನ್ನು ತಪ್ಪಿಸಿಕೊಂಡು ಹೋಗುವ ದಾರಿ ಉಳಿದೇ ಇರುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಇದನ್ನು ಸರಿಪಡಿಸುವುದು ಬಹಳ ಕಷ್ಟ.

ಅರ್ಹತೆಯ ವಿಷಯ. ಭದ್ರತಾ ವೃತ್ತಿಪರರ ಸಂಘವಾದ ಎಎಸ್‌ಐಎಸ್ ಇಂಟರ್‌ನ್ಯಾಷನಲ್ ಸಂಸ್ಥೆ ಕೊಡುವ ಸಿಪಿಪಿ ಮತ್ತು ಪಿಎಸ್‌ಪಿ ಪ್ರಮಾಣಪತ್ರಗಳು ಹಲವು ದೇಶಗಳಲ್ಲಿ ಪರಿಚಿತ. ಸಿಪಿಪಿ ಭದ್ರತಾ ನಿರ್ವಹಣೆಯ ಕಡೆಗೆ ವಾಲುತ್ತದೆ; ಅಪಾಯದ ಮೌಲ್ಯಮಾಪನ, ಬಾಗಿಲು, ಬೇಲಿ, ಕ್ಯಾಮೆರಾಗಳ ವಿನ್ಯಾಸಕ್ಕೆ ಪಿಎಸ್‌ಪಿ ಹೆಚ್ಚು ಹತ್ತಿರ. ಇವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಹಾಗಾಗಿ ಅವಧಿ ನೋಡಿ. ಸೇನೆ, ಪೊಲೀಸ್ ಹಿನ್ನೆಲೆ ಒಳ್ಳೆಯದೇ, ಆದರೆ ಅಷ್ಟರಿಂದಲೇ ಕಟ್ಟಡದ ನಕ್ಷೆ ಓದಲು ಬರುವುದಿಲ್ಲ. ಹಿಂದಿನ ಕೆಲಸದ ಒಂದು ಡೋರ್ ಶೆಡ್ಯೂಲನ್ನು (ಪ್ರತಿ ಬಾಗಿಲಿನ ವಿವರ ಬರೆದ ಪಟ್ಟಿ), ಗ್ರಾಹಕರ ಹೆಸರು ಅಳಿಸಿ, ತೋರಿಸಲು ಹೇಳಿ. ಹೆಸರು ಅಳಿಸದೆ ಕೊಟ್ಟವರು ನಾಳೆ ನಿಮ್ಮ ನಕ್ಷೆಯನ್ನೂ ಹಾಗೇ ಕೊಡುತ್ತಾರೆ.

ಸಂದರ್ಶನದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ: ಈ ಕ್ಯಾಮೆರಾದಿಂದ ಏನು ಕಾಣಬೇಕು? ‘ಎಲ್ಲ ಕಾಣುತ್ತದೆ’ ಎಂಬುದು ಉತ್ತರವಲ್ಲ. ಕ್ಯಾಮೆರಾ ವ್ಯವಸ್ಥೆಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಅಪರಿಚಿತನ ಗುರುತು ಹಿಡಿಯಲು ದೃಶ್ಯದ ಅಗಲದ ಪ್ರತಿ ಮೀಟರ್‌ಗೆ 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಬೇಕು, ಪರಿಚಿತನನ್ನು ಗುರುತಿಸಲು 125. ಅಡ್ಡಕ್ಕೆ 1920 ಪಿಕ್ಸೆಲ್ ಇರುವ ಕ್ಯಾಮೆರಾ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ತೋರಿಸುವುದು ಸುಮಾರು 7.7 ಮೀಟರ್ ಅಗಲವನ್ನು ಮಾತ್ರ. ಅದನ್ನೇ 20 ಮೀಟರ್ ಅಗಲಕ್ಕೆ ಹಿಡಿದರೆ ಮೀಟರ್‌ಗೆ 96 ಪಿಕ್ಸೆಲ್. ಯಾರೋ ಬಂದರು ಎಂದು ತಿಳಿಯುತ್ತದೆ, ಯಾರೆಂದು ತಿಳಿಯದು. ಈ ಲೆಕ್ಕವನ್ನು ಅಲ್ಲೇ ಮಾಡಿ ತೋರಿಸುವವರು ಕೆಲಸ ಬಲ್ಲವರು.

ಅತಿ ಹೆಚ್ಚು ಎಡವಟ್ಟಾಗುವುದು ಬಾಗಿಲುಗಳಲ್ಲಿ. ಮ್ಯಾಗ್ನೆಟಿಕ್ ಲಾಕ್ ವಿದ್ಯುತ್ ಹೋದಾಗ ತೆರೆದುಕೊಳ್ಳುತ್ತದೆ, ಕೆಲವು ಬಗೆಯ ಲಾಕ್‌ಗಳು ಬಂದ್ ಆಗಿಯೇ ಉಳಿಯುತ್ತವೆ. ತಪ್ಪಿಸಿಕೊಳ್ಳುವ ದಾರಿಯಲ್ಲಿ ಯಾವ ಲಾಕ್ ಇದ್ದರೂ ಬೆಂಕಿಯ ಸಂದರ್ಭದಲ್ಲಿ ಒಳಗಿನವರು ಕೀಲಿ, ಕಾರ್ಡ್ ಇಲ್ಲದೆ ಹೊರಬರುವಂತಿರಬೇಕು. ಫೈರ್ ಅಲಾರ್ಮ್‌ನಿಂದ ಲಾಕ್‌ಗೆ ಹೋಗಿ ಅದನ್ನು ತೆರೆಸುವ ವೈರು ಯಾರ ಪಾಲು? ಎಲೆಕ್ಟ್ರಿಕಲ್ ಗುತ್ತಿಗೆದಾರ ಬಾಗಿಲಿನವರತ್ತ ಬೊಟ್ಟು ಮಾಡುತ್ತಾರೆ, ಬಾಗಿಲಿನವರು ಅಲಾರ್ಮ್‌ನವರತ್ತ. ಆದ್ದರಿಂದ ಪ್ರತಿ ಬಾಗಿಲಿಗೂ ಲಾಕ್, ಕಾರ್ಡ್ ರೀಡರ್, ಎಕ್ಸಿಟ್ ಬಟನ್, ವಿದ್ಯುತ್ ಮೂಲ, ಅಲಾರ್ಮ್ ಸಂಪರ್ಕ, ಜವಾಬ್ದಾರಿ ಯಾರದು ಎಂಬುದೆಲ್ಲ ಒಂದೇ ಸಾಲಿನಲ್ಲಿರುವ ಶೆಡ್ಯೂಲನ್ನು ಕನ್ಸಲ್ಟೆಂಟ್ ಕೊಡಲೇಬೇಕು ಎಂದು ಒಪ್ಪಂದದಲ್ಲಿ ಬರೆಸಿ.

ಅದರ ಜೊತೆಗೆ ರಾತ್ರಿಯ ಹೊತ್ತಿನದೂ ಸೇರಿ ಸ್ಥಳ ಪರಿಶೀಲನೆ, ಲಿಖಿತ ಅಪಾಯ ವರದಿ, ಬ್ರ್ಯಾಂಡ್ ಹೆಸರಿಲ್ಲದ ಟೆಂಡರ್ ದಾಖಲೆ, ಬಿಡ್‌ಗಳ ತಾಂತ್ರಿಕ ಪರಿಶೀಲನೆ, ಕೊನೆಯಲ್ಲಿ ಅಳವಡಿಸಿದ ವ್ಯವಸ್ಥೆಯ ಪರೀಕ್ಷೆಗೆ ಹಾಜರಿ ಇವೂ ಇರಲಿ. ಶುಲ್ಕವನ್ನು ಹಂತಕ್ಕೆ ಇಷ್ಟು ಎಂದು ನಿಗದಿ ಮಾಡಿ. ಉಪಕರಣದ ಬೆಲೆಯ ಶೇಕಡಾವಾರು ಕೊಟ್ಟರೆ ಉಪಕರಣ ಹೆಚ್ಚಿದಷ್ಟೂ ಅವರ ಶುಲ್ಕ ಹೆಚ್ಚುತ್ತದೆ. ಯಾವ ಕಂಪನಿಯಿಂದಲೂ ಕಮಿಷನ್ ಪಡೆಯುವುದಿಲ್ಲ ಎಂಬ ಲಿಖಿತ ಘೋಷಣೆ, ಗೋಪ್ಯತಾ ಒಪ್ಪಂದ, ವೃತ್ತಿಪರ ಹೊಣೆಗಾರಿಕೆ ವಿಮೆ (ಅವರ ಕೆಲಸದ ತಪ್ಪಿನಿಂದಾಗುವ ನಷ್ಟಕ್ಕೆ) ಮೂರನ್ನೂ ಸಹಿಗೆ ಮೊದಲೇ ಕೇಳಿ. ಕೊನೆಯ ಕಂತನ್ನು ಪರೀಕ್ಷೆ ಮುಗಿದು ಅಂತಿಮ ನಕ್ಷೆಗಳು ನಿಮ್ಮ ಕೈಸೇರುವವರೆಗೆ ತಡೆಹಿಡಿಯಿರಿ.